ಜ್ವರ ಬಂದರೆ ಬಾಗಿಲು ತಟ್ಟುವವರು ಯಾರು? ಮೊದಲ ವರ್ಷಕ್ಕೆ ಹಾಸ್ಟೆಲೋ, ಹೊರಗಿನ ರೂಮೋ

ನನ್ನ ತಮ್ಮನಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ದಿನ ರಾತ್ರಿಯೇ ಫೋನ್ ಮಾಡಿದ. "ಅಕ್ಕಾ, ಹಾಸ್ಟೆಲ್ ಅರ್ಜಿಗೆ ನಾಳಿದ್ದೇ ಕೊನೆ ದಿನ. ಹಾಕಲಾ, ಇಲ್ಲಾ ಹೊರಗೆ ರೂಮು ಹುಡುಕಲಾ?" ಮೊದಲು ಅರ್ಜಿ ಹಾಕು, ಮಿಕ್ಕಿದ್ದು ಆಮೇಲೆ ಮಾತಾಡೋಣ ಅಂದೆ. ನಿಮಗೂ ಮೊದಲು ಹೇಳುವುದು ಅದನ್ನೇ. ಹಾಸ್ಟೆಲ್ ಸಿಕ್ಕಮೇಲೆ ಬೇಡ ಅನ್ನಬಹುದು, ದಿನ ಮುಗಿದ ಮೇಲೆ ಬೇಕು ಅಂದರೆ ಕಾಯುವವರ ಪಟ್ಟಿಯ ಬಾಲದಲ್ಲಿ ನಿಲ್ಲಬೇಕಾಗುತ್ತದೆ. ಹಣ ಕಟ್ಟುವ ಮುಂಚೆ ಮಾತ್ರ, ಬಿಟ್ಟುಕೊಟ್ಟರೆ ಎಷ್ಟು ವಾಪಸ್ ಬರುತ್ತದೆ, ಯಾವ ತಾರೀಖಿನೊಳಗೆ ಹೇಳಬೇಕು ಅನ್ನುವುದನ್ನು ಓದಿಕೊಳ್ಳಿ.

ಎರಡೂ ಕಡೆ ಇದ್ದು ಬಂದವಳು ನಾನು. ಮೊದಲ ವರ್ಷ ಹೊರಗೆ, ಎರಡನೇ ವರ್ಷದಿಂದ ಹಾಸ್ಟೆಲ್‌ನಲ್ಲಿ. ಹೆಚ್ಚಿನವರದು ಇದಕ್ಕೆ ತಿರುಗುಮುರುಗು. ನಾನು ಹೊರಗಿನ ರೂಮು ಹಿಡಿದದ್ದಕ್ಕೆ ಕಾರಣ ಇಷ್ಟೇ: ಬಾಡಿಗೆ ಕಡಿಮೆ, ರೂಮು ನನ್ನೊಬ್ಬಳದೇ, ರಾತ್ರಿ ಎಷ್ಟು ಹೊತ್ತಿಗೆ ಬಂದೆ ಅಂತ ಯಾರೂ ಕೇಳುವುದಿಲ್ಲ. ಆ ಮೂರನೇ ಕಾರಣ ಆಗ ತುಂಬ ಹಿತವಾಗಿತ್ತು.

ಕ್ಲಾಸು ಶುರುವಾಗಿ ಏಳನೇ ವಾರ ಜ್ವರ ಬಂತು. ಮೊದಲ ದಿನ ಮಲಗಿದೆ. ಎರಡನೇ ದಿನ ನೀರಿನ ಬಾಟಲಿ ಖಾಲಿಯಾಗಿತ್ತು, ತುಂಬಿಸಿಕೊಳ್ಳಲು ಎದ್ದರೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತೆ. ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ಮೇಲಿನ ಮನೆಯವರು ಓಡಾಡುವ ಹೆಜ್ಜೆ ಸದ್ದು ಕೇಳುತ್ತಿತ್ತು, ಅವರ ಹೆಸರು ನನಗೆ ಗೊತ್ತಿರಲಿಲ್ಲ. ಮೂರನೇ ದಿನ ಸಂಜೆ ಅಮ್ಮ ಫೋನ್ ಮಾಡಿದಾಗಲೇ ನನಗೆ ಜ್ವರ ಅನ್ನುವುದು ಇನ್ನೊಬ್ಬರಿಗೆ ಗೊತ್ತಾದದ್ದು. ಮುಂದಿನ ವರ್ಷ ಹಾಸ್ಟೆಲ್‌ನಲ್ಲಿ ಒಂದು ದಿನ ತಲೆನೋವು ಅಂತ ರಾತ್ರಿ ಊಟಕ್ಕೆ ಮೆಸ್‌ಗೆ ಹೋಗಲಿಲ್ಲ. ಎಂಟೂವರೆಗೆ ಪಕ್ಕದ ರೂಮಿನವಳು ಥರ್ಮಾಮೀಟರ್ ಹಿಡಿದುಕೊಂಡು ಬಾಗಿಲು ತಟ್ಟಿದಳು.

ಅದಕ್ಕೇ ತಮ್ಮನಿಗೆ ಬಾಡಿಗೆಯ ಮಾತಿಗಿಂತ ಮೊದಲು ಈ ಪ್ರಶ್ನೆ ಕೇಳಿದೆ: ನೀನು ಎರಡು ದಿನ ಕಾಣಿಸದೆ ಹೋದರೆ ಅಲ್ಲಿ ಯಾರಿಗೆ ಗೊತ್ತಾಗುತ್ತದೆ? ಹಾಸ್ಟೆಲ್ ಆಗಲಿ, ಪಿಜಿ ಆಗಲಿ, ಬಾಡಿಗೆ ಮನೆಯಾಗಲಿ, ಉತ್ತರಕ್ಕೆ ಒಬ್ಬರ ಮುಖ ಕಣ್ಣ ಮುಂದೆ ಬಂದರೆ ಆ ಜಾಗ ಮೊದಲ ವರ್ಷಕ್ಕೆ ಸರಿ. ಹಾಸ್ಟೆಲ್‌ನಲ್ಲಿ ಅದು ತಾನಾಗಿಯೇ ಒದಗುವ ಸಂಭವ ಹೆಚ್ಚು. ಹೊರಗೆ ಅದನ್ನು ನೀವೇ ಏರ್ಪಾಡು ಮಾಡಿಕೊಳ್ಳಬೇಕು.

ಸ್ನೇಹಕ್ಕೂ ಬಾಗಿಲಿಗೂ ಇರುವ ನಂಟು ನನ್ನೊಬ್ಬಳ ಅನುಭವ ಅಲ್ಲ. ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಮೆರಿಕದ ಎಂಐಟಿ ಅನ್ನುವ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ವಸತಿ ಕಟ್ಟಡಗಳನ್ನು ಅಧ್ಯಯನ ಮಾಡಿ 1950ರಲ್ಲಿ ಅದನ್ನು ಪ್ರಕಟಿಸಿದರು. ಯಾರು ಯಾರಿಗೆ ಸ್ನೇಹಿತರಾದರು ಅಂತ ನೋಡಿದರೆ ಪಕ್ಕದ ಬಾಗಿಲಿನವರೇ ಎಲ್ಲರಿಗಿಂತ ಹೆಚ್ಚು. ಒಂದೊಂದು ಬಾಗಿಲು ದೂರ ಹೋದಂತೆ ಸ್ನೇಹವೂ ಕಡಿಮೆ. ಮೆಟ್ಟಿಲ ಬುಡದ ಮನೆಯವರಿಗೆ ಮಾತ್ರ ಮೇಲಿನ ಮಹಡಿಯವರ ಪರಿಚಯವೂ ಚೆನ್ನಾಗಿತ್ತು, ದಿನಾ ಎದುರಾಗುತ್ತಿದ್ದರಲ್ಲ. ಹೊಸ ಊರಿಗೆ ಬಂದು ಒಬ್ಬರ ಪರಿಚಯವೂ ಇಲ್ಲದ ವರ್ಷದಲ್ಲಿ ಇದು ಸಣ್ಣ ವಿಷಯ ಅಲ್ಲ. ಮಾತು ಸುಲಭವಾಗಿ ಬರದ ಸ್ವಭಾವದವರಿಗಂತೂ ನಾನು ಹಾಸ್ಟೆಲ್ಲನ್ನೇ ಹೇಳುತ್ತೇನೆ. ಹೊರಗಿದ್ದರೆ ಪ್ರತಿ ಪರಿಚಯವನ್ನೂ ಹುಡುಕಿಕೊಂಡು ಹೋಗಬೇಕು. ಹಾಸ್ಟೆಲ್‌ನಲ್ಲಿ ಹಲ್ಲುಜ್ಜಲು ಹೋದಾಗಲೇ ನಾಲ್ಕು ಜನ ಸಿಗುತ್ತಾರೆ.

ಈಗ ದಾರಿಯ ಲೆಕ್ಕ. ನನ್ನ ರೂಮಿನಿಂದ ಕ್ಲಾಸಿಗೆ 40 ನಿಮಿಷ. ಹೋಗಿ ಬರಲು 80. ವಾರಕ್ಕೆ ಐದು ದಿನ ಅಂದರೆ 400 ನಿಮಿಷ. 16 ವಾರದ ಸೆಮಿಸ್ಟರ್‌ಗೆ ಗುಣಿಸಿದರೆ 106 ಗಂಟೆ ದಾಟುತ್ತದೆ. ಇದರ ಜೊತೆ ಲೆಕ್ಕಕ್ಕೆ ಸಿಗದ ಇನ್ನೊಂದು ನಷ್ಟವಿದೆ. ಹತ್ತು ಗಂಟೆಗೆ ಒಂದು ಕ್ಲಾಸು, ಮುಂದಿನದು ಮೂರಕ್ಕೆ ಅಂದರೆ ಮನೆಗೆ ಹೋಗಿ ಬರುವಂತಿಲ್ಲ, ಎಲ್ಲಾದರೂ ಕೂತು ಕಳೆಯಬೇಕು. ಸಂಜೆ ಆರಕ್ಕೆ ಯಾರಾದರೂ ಸೇರಿ ಓದೋಣ ಅಂದರೆ ನಾನು ಬಸ್ಸಿನ ಹೊತ್ತು ನೋಡಿಕೊಂಡು ಎದ್ದು ಬರುತ್ತಿದ್ದೆ. ನಿಮ್ಮದು ಬೆಳಗಿನ ಲ್ಯಾಬ್ ಇರುವ ಕೋರ್ಸ್ ಆದರೆ, ಇಲ್ಲವೇ ಲೈಬ್ರರಿಯಲ್ಲಿ ರಾತ್ರಿ ಓದುವ ಅಭ್ಯಾಸ ಇದ್ದರೆ, ನಡೆದು 15 ನಿಮಿಷಕ್ಕಿಂತ ದೂರದ ರೂಮನ್ನು ಬಾಡಿಗೆ ಎಷ್ಟೇ ಕಡಿಮೆ ಇದ್ದರೂ ಮೊದಲ ವರ್ಷಕ್ಕೆ ಹಿಡಿಯಬೇಡಿ. ಇದು ನನ್ನ ಖಚಿತ ಅಭಿಪ್ರಾಯ.

ದುಡ್ಡಿನ ವಿಷಯಕ್ಕೆ ಬಂದರೆ, ತಿಂಗಳ ಬಾಡಿಗೆಯನ್ನೂ ಹಾಸ್ಟೆಲ್ ಫೀಸನ್ನೂ ಎದುರುಬದುರು ಇಟ್ಟು ನೋಡಿದರೆ ಲೆಕ್ಕ ತಪ್ಪುತ್ತದೆ. ವರ್ಷದ ಒಟ್ಟು ಖರ್ಚು ಹಾಕಿ, ಅಲ್ಲಿ ನಿಜವಾಗಿ ಮಲಗುವ ರಾತ್ರಿಗಳಿಂದ ಭಾಗಿಸಿ. ಹೊರಗಿನ ರೂಮಿಗೆ ರಜೆಯಲ್ಲಿ ಊರಲ್ಲಿದ್ದರೂ ಬಾಡಿಗೆ ಕಟ್ಟಬೇಕು. ಅಡ್ವಾನ್ಸ್, ಬ್ರೋಕರ್ ಕಮಿಷನ್, ಕರೆಂಟು, ನೀರು, ಗ್ಯಾಸು, ಇಂಟರ್ನೆಟ್ಟು, ಬಸ್ ಪಾಸು, ಮಂಚ, ಹಾಸಿಗೆ, ಮೇಜು, ಬಕೆಟ್ಟು, ಪೊರಕೆ, ಎಲ್ಲವನ್ನೂ ಬರೆಯಿರಿ. ನಾನು ಪೊರಕೆಯವರೆಗೆ ಬರೆದಿರಲಿಲ್ಲ. ಮೊದಲ ತಿಂಗಳು ಇಂಥ ಸಣ್ಣಪುಟ್ಟದ್ದಕ್ಕೇ ಒಂದು ತಿಂಗಳ ಬಾಡಿಗೆಯಷ್ಟು ಹೋಯಿತು. ಹಾಸ್ಟೆಲ್ ಕಡೆಯೂ ಒಳಖರ್ಚು ಇರುತ್ತದೆ: ನೀವು ಉಣ್ಣದ ದಿನಕ್ಕೂ ಮೆಸ್ ಬಿಲ್ ಬರುತ್ತದೆಯೇ, ರಜೆಯಲ್ಲಿ ರೂಮು ಖಾಲಿ ಮಾಡಬೇಕೇ, ಮಾಡಬೇಕಾದರೆ ಸಾಮಾನು ಎಲ್ಲಿಡುವುದು. ಈ ಪಟ್ಟಿ ಮುಗಿಸಿದ ಮೇಲೂ ಹೊರಗಿನದೇ ಅಗ್ಗ ಅಂತ ಬಂದರೆ, ಮನೆಯಲ್ಲಿ ಕೈ ಬಿಗಿ ಇದ್ದರೆ, ಹೊರಗೆ ಇರುವುದರಲ್ಲಿ ಯಾವ ತಪ್ಪೂ ಇಲ್ಲ. ಆಗ ಜೊತೆಗೆ ಇಬ್ಬರು ಮೂವರು ಇರುವ ಮನೆ ನೋಡಿ.

ಹೊರಗೇ ಇರುವುದು ಒಳ್ಳೆಯದು ಅನ್ನುವವರೂ ಇದ್ದಾರೆ. ಸಣ್ಣ ಸದ್ದಿಗೂ ಎಚ್ಚರವಾಗುವವರು, ರಾತ್ರಿ ಪಾಳಿಯ ಕೆಲಸ ಮಾಡಿಕೊಂಡು ಓದುವವರು, ಕಾಯಿಲೆಯ ಕಾರಣಕ್ಕೆ ಹೊತ್ತು ಹೊತ್ತಿಗೆ ತಮ್ಮದೇ ಊಟ ಬೇಕಾದವರು, ಅದೇ ಊರಲ್ಲಿ ಅಣ್ಣನೋ ಅಕ್ಕನೋ ಇರುವವರು. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ತಜ್ಞರು. ಕಾರಿಡಾರಿನ ಗಲಾಟೆಯಲ್ಲಿ ನಾಲ್ಕೈದು ಗಂಟೆ ಮಾತ್ರ ಮಲಗಿ ಇಡೀ ವರ್ಷ ತಳ್ಳುವುದು ಯಾರಿಗೂ ಬೇಡ. ಗಾಲಿಕುರ್ಚಿ ಬಳಸುವವರು ಲಿಫ್ಟ್ ಇದೆಯೇ ಅಂತ ಕೇಳಿ ಸುಮ್ಮನಾಗಬಾರದು, ಬಚ್ಚಲಿನ ಬಾಗಿಲ ಅಗಲವನ್ನೂ ಅಳೆದು ತಿಳಿಸಲು ಹೇಳಬೇಕು.

ಹಾಸ್ಟೆಲ್ ನೋಡಲು ಹೋದಾಗ ಆಫೀಸಿನವರು ತೋರಿಸುವ ರೂಮು ನೋಡಿ, ಆಮೇಲೆ ಅಲ್ಲಿರುವ ಎರಡನೇ ವರ್ಷದವರೊಬ್ಬರನ್ನು ಪಕ್ಕಕ್ಕೆ ಕರೆದು ಮಾತಾಡಿಸಿ. ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಒಂದು ಬಚ್ಚಲಿಗೆ ಎಷ್ಟು ಜನ, ರೂಮ್‌ಮೇಟ್ ಜೊತೆ ಹೊಂದದಿದ್ದರೆ ಬದಲಾಯಿಸಿ ಕೊಡುತ್ತಾರೆಯೇ, ನಡುರಾತ್ರಿ ಹುಷಾರಿಲ್ಲ ಅಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಹಿರಿಯ ವಿದ್ಯಾರ್ಥಿಗಳ ಕಾಟ ಇದೆಯೇ. ಕೊನೆಯ ಎರಡು ಪ್ರಶ್ನೆಗೆ ಅವರು ಉತ್ತರ ಹೇಳಲು ತಡಬಡಾಯಿಸಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಗೇಟು ಮುಚ್ಚುವ ಹೊತ್ತನ್ನು ಕೇಳಿ ಬೆಚ್ಚಬೇಡಿ. ತಡವಾಗಿ ಬಂದರೆ ಏನು ಮಾಡುತ್ತಾರೆ ಅಂತ ಕೇಳಿ. ಕೆಲವು ಕಡೆ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿಕೊಂಡು ಬಿಡುತ್ತಾರೆ, ಕೆಲವು ಕಡೆ ಮನೆಗೆ ಫೋನ್ ಹೋಗುತ್ತದೆ.

ಹೊರಗಿನ ಮನೆಯನ್ನು ಎರಡು ಸಲ ನೋಡಿ, ಒಮ್ಮೆ ಬೆಳಿಗ್ಗೆ, ಒಮ್ಮೆ ಕತ್ತಲಾದ ಮೇಲೆ. ಬೆಳಿಗ್ಗೆ ನಲ್ಲಿ ತಿರುಗಿಸಿ ನೀರಿನ ರಭಸ ನೋಡಿ. ಮೇಜು ಇಡುವ ಕಡೆ ಪ್ಲಗ್ ಪಾಯಿಂಟ್ ಇದೆಯೇ, ರೂಮಿನ ಒಳಗೆ ಫೋನ್ ಸಿಗ್ನಲ್ ಬರುತ್ತದೆಯೇ, ಕಿಟಕಿಯ ಚಿಲಕ ಹಾಕಲು ಆಗುತ್ತದೆಯೇ. ಬೀರುವಿನ ಹಿಂದೆ, ಮಂಚದ ತಲೆಯ ಕಡೆ ಗೋಡೆಗೆ ಅಂಗೈ ಇಡಿ. ನನ್ನ ರೂಮಿನಲ್ಲಿ ಹೊಸ ಸುಣ್ಣ ಬಳಿದಿದ್ದರು, ಕಣ್ಣಿಗೆ ಏನೂ ಕಾಣಲಿಲ್ಲ. ಮಳೆ ಹಿಡಿದ ಎರಡನೇ ವಾರ ಆ ಗೋಡೆ ಕಪ್ಪಗಾಗಿ, ಬಟ್ಟೆಗಳಿಗೆಲ್ಲ ಬೂಷ್ಟಿನ ವಾಸನೆ ಹಿಡಿಯಿತು. ಅಂಗೈ ಇಟ್ಟಿದ್ದರೆ ತಂಪು ಗೊತ್ತಾಗುತ್ತಿತ್ತು. ಕತ್ತಲಾದ ಮೇಲೆ ಕೊನೆಯ ಬಸ್ಸಿನ ನಿಲ್ದಾಣದಿಂದ ಮನೆವರೆಗೆ ನಡೆದು ನೋಡಿ, ಬೀದಿದೀಪ ಎಲ್ಲಿ ಇಲ್ಲ ಅಂತ ಗಮನಿಸಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಇದ್ದು, ಹೊಗೆ ಹೊರಹೋಗುವ ಕೊಳವೆಯಾಗಲಿ ಗಾಳಿಯಾಡುವ ದಾರಿಯಾಗಲಿ ಇಲ್ಲದಿದ್ದರೆ ಆ ಮನೆ ಬೇಡವೇ ಬೇಡ. ಅದರಿಂದ ಹೊರಡಬಹುದಾದ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದು ಜೀವ ಹೋದ ಉದಾಹರಣೆಗಳು ನಿಜವಾಗಿಯೂ ಇವೆ. ಹಾಗೆಯೇ ಬೆಂಕಿ ಬಿದ್ದರೆ ಹೊರಗೆ ಬರಲು ಇನ್ನೊಂದು ದಾರಿ ಎಲ್ಲಿದೆ ಅಂತ ನಿಂತು ನೋಡಿ. ಇದು ಹಾಸ್ಟೆಲ್‌ಗೂ ಅನ್ವಯ.

ಮನೆ ನೋಡದೆ, ಮಾಲೀಕರನ್ನು ಕಾಣದೆ, "ಬೇರೆಯವರೂ ಕೇಳ್ತಿದ್ದಾರೆ, ಈಗಲೇ ಅಡ್ವಾನ್ಸ್ ಕಳಿಸಿ" ಅನ್ನುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ. ಫೋಟೋಗಳನ್ನು ಎಲ್ಲಿಂದ ಬೇಕಾದರೂ ತರಬಹುದು. ದೂರದ ಊರಿನಿಂದ ಬರುವವರು ಎರಡು ಮೂರು ವಾರಕ್ಕೆ ಕ್ಯಾಂಪಸ್ ಹತ್ತಿರ ತಾತ್ಕಾಲಿಕವಾಗಿ ಉಳಿದು, ಕಾಲಲ್ಲಿ ನಡೆದು ಹುಡುಕುವುದು ಕ್ಷೇಮ.

ಅಗ್ರಿಮೆಂಟ್ ಮನೆಗೆ ತಂದು ಓದಿ, ಅಲ್ಲೇ ನಿಂತು ಸಹಿ ಹಾಕಬೇಡಿ. ಬಿಡುವ ಮುಂಚೆ ಎಷ್ಟು ದಿನದ ನೋಟಿಸ್, ಮಧ್ಯದಲ್ಲಿ ಬಿಟ್ಟರೆ ಏನು ಕಡಿತ, ರಿಪೇರಿ ಯಾರ ಮೇಲೆ. ಮೂವರು ಸೇರಿ ಒಂದೇ ಅಗ್ರಿಮೆಂಟಿಗೆ ಸಹಿ ಹಾಕಿದರೆ, ಒಬ್ಬ ಬಿಟ್ಟುಹೋದಾಗ ಅವನ ಪಾಲು ಮಿಕ್ಕ ಇಬ್ಬರ ತಲೆಗೆ ಬರುವಂತೆ ಬರೆದಿರುವುದು ಸಾಮಾನ್ಯ. ಸಾಧ್ಯವಾದರೆ ಒಬ್ಬೊಬ್ಬರದೂ ಬೇರೆ ಬೇರೆ ಮಾಡಿಸಿ. ಕ್ಲಾಸು ಶುರುವಾಗಿ ಎರಡೇ ತಿಂಗಳಿಗೆ, ಆಗಷ್ಟೇ ಪರಿಚಯವಾದವರ ಜೊತೆ ಮುಂದಿನ ವರ್ಷದ ಮನೆಗೆ ಸಹಿ ಹಾಕುವ ಅವಸರ ಬೇಡ. ಪರೀಕ್ಷೆಯ ಹೊತ್ತಿನಲ್ಲಿ ಅವರು ಹೇಗಿರುತ್ತಾರೆ ಅಂತ ಒಂದು ಸಲವಾದರೂ ನೋಡಿ.

ತಮ್ಮನಿಗೆ ಕಡೆಗೆ ಹಾಸ್ಟೆಲ್ ಸಿಕ್ಕಿತು, ಮೂರು ಜನರ ರೂಮು. ಮೊದಲ ತಿಂಗಳು ರೂಮ್‌ಮೇಟ್‌ನ ಅಲಾರಂ ಐದಕ್ಕೇ ಹೊಡೆಯುತ್ತದೆ, ಅವನು ಮಾತ್ರ ಏಳುವುದಿಲ್ಲ ಅಂತ ದಿನಾ ದೂರು. ಇನ್ನೊಬ್ಬರ ಮೂಲಕ ಹೇಳಿಸದೆ ನೀನೇ ಎದುರಿಗೆ ಕೂತು ಹೇಳು ಅಂದೆ. ಹೇಳಿದ. ಈಗ ಅಲಾರಂ ದಿಂಬಿನ ಕೆಳಗೆ ಅದುರುತ್ತದಂತೆ.

ನೀವು ಯಾವುದನ್ನೇ ಆರಿಸಿಕೊಂಡರೂ ಕೀ ಕೈಗೆ ಬಂದ ದಿನ, ಪೆಟ್ಟಿಗೆ ಬಿಚ್ಚುವ ಮುಂಚೆ ಅರ್ಧ ಗಂಟೆ ಇದಕ್ಕೆ ಇಡಿ. ಕರೆಂಟ್ ಮೀಟರಿನ ಅಂಕಿ, ಗೋಡೆಯ ಬಿರುಕು, ಒಡೆದ ಸ್ವಿಚ್ಚು, ಬಚ್ಚಲಿನ ಮೂಲೆ, ಮಂಚದ ಕಾಲು, ಎಲ್ಲದರ ಫೋಟೋ ತೆಗೆದು ಅಂದೇ ಮಾಲೀಕರಿಗೋ ವಾರ್ಡನ್‌ಗೋ ಕಳಿಸಿ, "ನಾನು ಬಂದಾಗ ಹೀಗಿತ್ತು" ಅಂತ ಬರೆಯಿರಿ. ನಾನು ರೂಮು ಬಿಡುವಾಗ, ಮೊದಲಿಂದಲೂ ಇದ್ದ ಕಿಟಕಿ ಗಾಜಿನ ಸೀಳಿಗೂ ಕಪ್ಪಾದ ಗೋಡೆಗೂ ಸೇರಿಸಿ ಅಡ್ವಾನ್ಸಿನ ಅರ್ಧ ಮುರಿದುಕೊಂಡರು. ನನ್ನ ಕೈಯಲ್ಲಿ ಒಂದೂ ಫೋಟೋ ಇರಲಿಲ್ಲ.