ಪಾಲಿಸಿಯನ್ನು ಬೈಯುವ ಮುನ್ನ

ಮಲೆನಾಡಿನ ಒಂದು ಸಹಕಾರ ಸಂಘದ ಏಳು ಶಾಖೆಗಳ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಕೆಲಸದ ಅರ್ಧ ಪಾಲು ಫೋನಿನಲ್ಲೇ ನಡೆಯುತ್ತದೆ. ‘ಐಪಿಕಾನ್ಫಿಗ್, ಒಂದು ಜಾಗ ಬಿಡಿ, ಸ್ಲ್ಯಾಶ್, ಆಲ್. ಬಲಕ್ಕೆ ವಾಲಿದ ಸ್ಲ್ಯಾಶ್ ಮೇಡಂ, ಎಡಕ್ಕೆ ವಾಲಿದ್ದಲ್ಲ’ ಎಂದು ಕಮಾಂಡುಗಳನ್ನು ಬಿಡಿಸಿ ಹೇಳಿ ಅಭ್ಯಾಸವಾಗಿಬಿಟ್ಟಿದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ: ‘ಸರ್, ಪ್ರಿಂಟರ್ ಮಾಯವಾಗಿದೆ, ಎಫ್ ಡ್ರೈವ್ ಕಾಣಿಸುತ್ತಿಲ್ಲ, ನೀವು ಹಾಕಿದ ಹೊಸ ಪಾಲಿಸಿ ಬಂದಿಲ್ಲ.’ ಕೇಳಿದ ಕೂಡಲೇ ಗ್ರೂಪ್ ಪಾಲಿಸಿ (ಸರ್ವರಿನಿಂದ ಎಲ್ಲ ಯಂತ್ರಗಳಿಗೂ ಹೋಗುವ ಸೆಟ್ಟಿಂಗುಗಳ ಕಟ್ಟು) ತೆರೆದು ತಿದ್ದಲು ಕೂರಬೇಡಿ. ನಾನು ಕಂಡ ಮಟ್ಟಿಗೆ ಪಾಲಿಸಿ ಬಹುತೇಕ ನಿರಪರಾಧಿ. ಯಂತ್ರಕ್ಕೆ ಡೊಮೈನ್ ಕಂಟ್ರೋಲರ್, ಅಂದರೆ ನಮ್ಮ ಕಂಪ್ಯೂಟರುಗಳ ಗುಂಪನ್ನು (ಡೊಮೈನನ್ನು) ನೋಡಿಕೊಳ್ಳುವ ಸರ್ವರ್, ಸಿಕ್ಕಿರುವುದಿಲ್ಲ, ಅಷ್ಟೇ. ‘ಆದರೆ ನಾನು ಲಾಗಿನ್ ಆಗಿದ್ದೇನಲ್ಲ?’ ಎಂದು ಕೇಳುತ್ತಾರೆ. ಹಿಂದೆ ಲಾಗಿನ್ ಆದವರ ಗುರುತನ್ನು ವಿಂಡೋಸ್ ತನ್ನೊಳಗೇ ಇಟ್ಟುಕೊಂಡಿರುತ್ತದೆ. ನಾವು ಬದಲಿಸದಿದ್ದರೆ 10 ಗುರುತುಗಳವರೆಗೆ. ಸರ್ವರ್ ಮಲಗಿದ್ದರೂ ಪರಿಚಯದವರನ್ನು ಅದು ಒಳಗೆ ಬಿಡುತ್ತದೆ. ಹೀಗಾಗಿ ಲಾಗಿನ್ ಆದ ಮಾತ್ರಕ್ಕೆ ಡೊಮೈನ್ ಸಿಕ್ಕಿದೆ ಎಂದು ನಂಬುವಂತಿಲ್ಲ.

ನಂಬಬೇಕಾದದ್ದು ಈ ಕಮಾಂಡನ್ನು: ಎನ್‌ಎಲ್‌ಟೆಸ್ಟ್, ಜಾಗ, ಸ್ಲ್ಯಾಶ್, ಡಿಎಸ್‌ಗೆಟ್‌ಡಿಸಿ, ಕೋಲನ್, ನಿಮ್ಮ ಡೊಮೈನ್ ಹೆಸರು, ಮತ್ತೆ ಜಾಗ, ಸ್ಲ್ಯಾಶ್, ಫೋರ್ಸ್. ಕೊನೆಯ ಫೋರ್ಸ್ ಇಲ್ಲದಿದ್ದರೆ ಹಳೆಯ ನೆನಪಿನಿಂದಲೇ ಉತ್ತರ ಬರಬಹುದು. ಡೊಮೈನ್ ಕಂಟ್ರೋಲರಿನ ಹೆಸರು ಬಂದರೆ ದಾರಿ ಸರಿಯಿದೆ. ಬರದಿದ್ದರೆ ಮೊದಲು ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನೋಡಿ.

ಕಳೆದ ವರ್ಷ ಒಂದು ಶಾಖೆಗೆ ಬ್ರಾಡ್‌ಬ್ಯಾಂಡ್ ಹುಡುಗ ಬಂದು ರೂಟರ್ ಬದಲಿಸಿ ಹೋದ. ಇಂಟರ್ನೆಟ್ ಚೆನ್ನಾಗಿಯೇ ಓಡುತ್ತಿತ್ತು, ಡೊಮೈನ್ ಮಾತ್ರ ಕೆಲವೊಮ್ಮೆ ಸಿಗುತ್ತಿತ್ತು, ಕೆಲವೊಮ್ಮೆ ಇಲ್ಲ. ಹೊಸ ರೂಟರಿನಲ್ಲಿ ಮೊದಲ ಡಿಎನ್‌ಎಸ್ ನಮ್ಮ ಸರ್ವರಿನದು, ಎರಡನೆಯದು 8.8.8.8, ಅಂದರೆ ಹೊರಗಿನ ಗೂಗಲ್‌ನದು. ಇದು ಅತ್ಯಂತ ಜನಪ್ರಿಯ ತಪ್ಪು. ಮೊದಲನೆಯದು ಒಂದು ಕ್ಷಣ ತಡವರಿಸಿದರೆ ಯಂತ್ರ ಎರಡನೆಯದನ್ನು ಕೇಳುತ್ತದೆ. ನಮ್ಮ ಕಚೇರಿಯೊಳಗಿನ ಹೆಸರು ಹೊರಗಿನವರಿಗೆ ಹೇಗೆ ಗೊತ್ತಿರಬೇಕು? ‘ಅಂಥವರು ಯಾರೂ ಇಲ್ಲ’ ಎನ್ನುತ್ತದೆ. ಇಲ್ಲ ಎಂಬುದೂ ಉತ್ತರವೇ ಆದ್ದರಿಂದ ಯಂತ್ರ ಮತ್ತೆ ಮೊದಲನೆಯದನ್ನು ಕೇಳುವ ಗೋಜಿಗೆ ಹೋಗುವುದಿಲ್ಲ. ಎರಡೂ ಜಾಗದಲ್ಲಿ ಒಳಗಿನ ಡಿಎನ್‌ಎಸ್ ವಿಳಾಸಗಳೇ ಇರಲಿ. ಹೊರಗಿನ ಹೆಸರುಗಳನ್ನು ಸರ್ವರೇ ಹೊರಗೆ ಕೇಳಿ ತಂದುಕೊಡುತ್ತದೆ. ತಿದ್ದಿದ ಮೇಲೆ ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್ ಕೊಡಿ.

ಆಮೇಲೆ ಗಡಿಯಾರ. ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟು ಹೋಗುವುದೂ ಬರುವುದೂ ಲೆಕ್ಕಕ್ಕಿಲ್ಲ. ಹಳೆಯ ಯಂತ್ರದ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ, ಹೆಚ್ಚಾಗಿ ಸಿಆರ್ 2032, ಸೋತಿದ್ದರೆ ಕರೆಂಟು ಬರುವಷ್ಟರಲ್ಲಿ ಯಂತ್ರ ಹಲವು ವರ್ಷ ಹಿಂದಕ್ಕೆ ಹೋಗಿ ಕೂತಿರುತ್ತದೆ. ಡೊಮೈನ್ ಗುರುತು ಪರೀಕ್ಷಿಸುವ ಕರ್ಬರೋಸ್ ವ್ಯವಸ್ಥೆ ಸಾಮಾನ್ಯವಾಗಿ ಸಹಿಸುವುದು 5 ನಿಮಿಷದ ವ್ಯತ್ಯಾಸವನ್ನು. ಡಬ್ಲ್ಯು32ಟಿಎಂ ಸ್ಲ್ಯಾಶ್ ಕ್ವೆರಿ ಸ್ಲ್ಯಾಶ್ ಸೋರ್ಸ್ ಎಂದು ಕೇಳಿ. ‘ಲೋಕಲ್ ಸಿಮಾಸ್ ಕ್ಲಾಕ್’ ಎಂದು ಬಂದರೆ ಅದು ಡೊಮೈನಿನಿಂದ ಸಮಯ ಪಡೆಯುತ್ತಿಲ್ಲ. ಡಬ್ಲ್ಯು32ಟಿಎಂ ಸ್ಲ್ಯಾಶ್ ರೀಸಿಂಕ್ ಕೊಡಿ, ಬ್ಯಾಟರಿ ಬದಲಿಸಿ.

ಗಡಿಯಾರ ಸರಿಯಾಗಿ ಕಂಡರೂ ಬಿಡಬೇಡಿ, ಟೈಮ್ ಝೋನ್ ನೋಡಿ. ಒಮ್ಮೆ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಯಂತ್ರ ಅಮೆರಿಕದ ಪೆಸಿಫಿಕ್ ವಲಯದಲ್ಲೇ ಉಳಿದಿತ್ತು. ಯಾರೋ ಗೋಡೆ ಗಡಿಯಾರ ನೋಡಿ ಸಮಯವನ್ನು ಕೈಯಾರೆ ತಿದ್ದಿದ್ದರು. ಕಣ್ಣಿಗೆ ಎಲ್ಲ ಸರಿ. ಕರ್ಬರೋಸ್ ಲೆಕ್ಕ ಹಾಕುವುದು ಜಾಗತಿಕ ಸಮಯದಲ್ಲಿ. ಅದರ ಪಾಲಿಗೆ ಯಂತ್ರ ಹನ್ನೆರಡೂವರೆ ಗಂಟೆ ಮುಂದಿತ್ತು. ಇದನ್ನು ಕಂಡುಹಿಡಿಯಲು ನಾನು ಒಂದು ಬೆಳಗ್ಗೆ ಪೂರ್ತಿ ಕಳೆದಿದ್ದೇನೆ.

ಡಿಎನ್‌ಎಸ್ಸೂ ಗಡಿಯಾರವೂ ಸರಿಯಿದ್ದು, ‘ಟ್ರಸ್ಟ್ ರಿಲೇಶನ್‌ಶಿಪ್’ ಮುರಿದಿದೆ ಎಂಬ ಸಂದೇಶ ಬಂದರೆ ಕಥೆ ಬೇರೆ. ಪ್ರತಿ ಯಂತ್ರಕ್ಕೂ ಡೊಮೈನಿನಲ್ಲಿ ಒಂದು ಪಾಸ್‌ವರ್ಡ್ ಇರುತ್ತದೆ, ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಯಂತ್ರವೇ ಅದನ್ನು ಬದಲಿಸಿಕೊಳ್ಳುತ್ತದೆ. ಮೂರು ತಿಂಗಳು ಯಂತ್ರ ಆಫ್ ಆಗಿದ್ದರೆ ಸಂಬಂಧ ಕಡಿದುಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಹಾಗೇನಿಲ್ಲ, ಬದಲಾವಣೆಯನ್ನು ಶುರು ಮಾಡುವುದೇ ಯಂತ್ರ. ಕಡಿಯುವುದು ಯಂತ್ರವನ್ನು ಹಿಂದೆ ತೆಗೆದಿಟ್ಟ ಡಿಸ್ಕಿನ ನಕಲಿಗೆ (ಇಮೇಜಿಗೆ) ಮರಳಿಸಿದಾಗ, ಇಲ್ಲವೇ ಒಂದೇ ಹೆಸರನ್ನು ಎರಡು ಯಂತ್ರಗಳಿಗೆ ಇಟ್ಟಾಗ. ಎರಡನೆಯ ತಪ್ಪನ್ನು ಸ್ವತಃ ಮಾಡಿದ್ದೇನೆ: ಹೊಸ ಯಂತ್ರಕ್ಕೆ ಹಳೆಯದರ ಹೆಸರನ್ನೇ ಕೊಟ್ಟು ಡೊಮೈನಿಗೆ ಸೇರಿಸಿದೆ. ಮೂಲೆಯಲ್ಲಿದ್ದ ಹಳೆಯದನ್ನು ನಗದು ಗುಮಾಸ್ತರು ಇನ್ನೂ ಬಳಸುತ್ತಿದ್ದರು.

ಇದಕ್ಕಾಗಿ ಡೊಮೈನ್ ಬಿಟ್ಟು ಮತ್ತೆ ಸೇರಿಸುವ ಕಷ್ಟ ಬೇಡ. ಹೆಸರಿನ ಗೊಂದಲವಿದ್ದರೆ ಮೊದಲು ಅದನ್ನು ಬಿಡಿಸಿ. ಬಳಿಕ ಲೋಕಲ್ ಅಡ್ಮಿನ್ ಆಗಿ ಲಾಗಿನ್ ಆಗಿ, ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ತೆರೆದು ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಬರೆದು, ಜಾಗ ಬಿಟ್ಟು ಅಡ್ಡಗೆರೆ ರಿಪೇರ್, ಮತ್ತೆ ಜಾಗ ಬಿಟ್ಟು ಅಡ್ಡಗೆರೆ ಕ್ರೆಡೆನ್ಶಿಯಲ್ ಎಂದು ಸೇರಿಸಿ ಡೊಮೈನ್ ಅಡ್ಮಿನ್ ಖಾತೆ ಕೊಡಿ. ‘ಟ್ರೂ’ ಎಂದು ಬಂದರೆ ಮುಗಿಯಿತು. ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಮರೆತಿದ್ದರೆ ನೆಟ್‌ವರ್ಕ್ ಕೇಬಲ್ ಕಿತ್ತು, ಆ ಯಂತ್ರದಲ್ಲಿ ಹಿಂದೆ ಲಾಗಿನ್ ಆಗಿದ್ದ, ಅಡ್ಮಿನ್ ಹಕ್ಕಿರುವ ಡೊಮೈನ್ ಖಾತೆಯಿಂದ ಒಳಹೊಕ್ಕು ಮತ್ತೆ ಕೇಬಲ್ ಚುಚ್ಚಿ.

ಇಷ್ಟೆಲ್ಲ ಆದ ಮೇಲೂ ಪಾಲಿಸಿ ಬರದಿದ್ದರೆ ಈಗ ಪಾಲಿಸಿಯ ಮೇಲೆ ಅನುಮಾನ ಪಡಬಹುದು. ಅದು ತಾನಾಗಿ ಬರಲು 90 ನಿಮಿಷ ಹಿಡಿಯುತ್ತದೆ, ಅದರ ಮೇಲೆ ಇನ್ನೂ 30 ನಿಮಿಷದವರೆಗೆ ಹೆಚ್ಚಾಗಬಹುದು. ಕಾಯಲಾಗದಿದ್ದರೆ ಜಿಪಿಅಪ್‌ಡೇಟ್ ಸ್ಲ್ಯಾಶ್ ಫೋರ್ಸ್. ಅದೂ ಫಲಿಸದಿದ್ದರೆ ಅಡ್ಮಿನ್ ಹಕ್ಕಿನಲ್ಲಿ ಜಿಪಿರಿಸಲ್ಟ್ ಸ್ಲ್ಯಾಶ್ ಎಚ್ ಎಂದು ಬರೆದು, ಮುಂದೆ ಎಚ್‌ಟಿಎಂಎಲ್ ಕಡತದ ಹೆಸರು ಕೊಟ್ಟು ವರದಿ ತೆಗೆಯಿರಿ. ಬಂದದ್ದು ಯಾವುದು, ತಿರಸ್ಕೃತವಾದದ್ದು ಯಾವುದು, ಏಕೆ ಎಂಬುದೆಲ್ಲ ಅದರಲ್ಲಿರುತ್ತದೆ. ಪಾಲಿಸಿಯ ಹೆಸರು ಎರಡೂ ಕಡೆ ಇಲ್ಲದಿದ್ದರೆ ಯಂತ್ರ ಎಲ್ಲಿದೆ ನೋಡಿ: ಹೊಸ ಯಂತ್ರ ತಾನಾಗಿ ‘ಕಂಪ್ಯೂಟರ್ಸ್’ ಎಂಬ ಪೆಟ್ಟಿಗೆಗೆ ಬೀಳುತ್ತದೆ, ಆ ಪೆಟ್ಟಿಗೆಗೆ ಪಾಲಿಸಿ ಜೋಡಿಸಲು ಬರುವುದೇ ಇಲ್ಲ. ಪಾಲಿಸಿ ಜೋಡಿಸಬಹುದಾದ ಸರಿಯಾದ ಓಯು ಎಂಬ ವಿಭಾಗಕ್ಕೆ ಸರಿಸಿ, ರೀಸ್ಟಾರ್ಟ್ ಮಾಡಿಸಿ. ಬಳಕೆದಾರರ ಪಾಲಿಸಿಗೆ ಪ್ರವೇಶ ನಿರಾಕರಣೆಯಾಗಿದ್ದರೆ ಕಾರಣ ಬಹುಶಃ 2016ರ ಜೂನ್ ಅಪ್‌ಡೇಟಿನಲ್ಲಿದೆ: ಅಂದಿನಿಂದ ಅದನ್ನು ಓದುವುದು ಯಂತ್ರದ ಖಾತೆ, ಹಾಗಾಗಿ ‘ಡೊಮೈನ್ ಕಂಪ್ಯೂಟರ್ಸ್’ ಗುಂಪಿಗೆ ಕನಿಷ್ಠ ಓದುವ ಹಕ್ಕು ಬೇಕು.

ಎಸ್‌ಎಸ್‌ಡಿ ಹಾಕಿದ ಹೊಸ ಲ್ಯಾಪ್‌ಟಾಪುಗಳ ಚೇಷ್ಟೆ ಇನ್ನೊಂದು. ನೆಟ್‌ವರ್ಕ್ ಏಳುವ ಮೊದಲೇ ಅವು ಎದ್ದುಬಿಡುತ್ತವೆ. ವಿಂಡೋಸ್ ತನ್ನ ದೋಷಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂಯರಿನಲ್ಲಿ 1129 ಎಂಬ ಸಂಖ್ಯೆ ಕಂಡರೆ, ಲಾಗಿನ್‌ಗೆ ಮುನ್ನ ನೆಟ್‌ವರ್ಕಿಗಾಗಿ ಕಾಯುವ ಪಾಲಿಸಿಯನ್ನು ಆನ್ ಮಾಡಿ.

ಇದೆಲ್ಲ ಒಂದು ಯಂತ್ರ ಕೆಟ್ಟಾಗ. ನಾಲ್ಕು ಶಾಖೆಗಳಿಂದ ಒಟ್ಟಿಗೆ ಫೋನ್ ಬಂದು, ಎಲ್ಲೆಡೆ 1058 ಎಂಬ ಸಂಖ್ಯೆ ಕಂಡರೆ, ಪಾಲಿಸಿಯ ಕಡತಗಳಿರುವ ಸಿಸ್‌ವಾಲ್ ಫೋಲ್ಡರನ್ನೇ ಓದಲಾಗುತ್ತಿಲ್ಲ ಎಂದರ್ಥ. ಶಾಖೆಯವರಿಗೆ ಚಹಾ ಕುಡಿದು ಬನ್ನಿ ಎಂದು ಹೇಳಿ ಫೋನ್ ಇಡಿ. ಸರ್ವರ್ ಕೋಣೆಗೆ ಹೋಗಿ ಡೊಮೈನ್ ಕಂಟ್ರೋಲರಿನ ಆರೋಗ್ಯ ತಪಾಸಿಸುವ ಡಿಸಿಡಯಾಗ್, ಆಮೇಲೆ ಸರ್ವರುಗಳು ಪರಸ್ಪರ ನಕಲು ಮಾಡಿಕೊಳ್ಳುತ್ತಿವೆಯೇ ಎಂದು ತೋರಿಸುವ ರೆಪ್‌ಅಡ್ಮಿನ್ ಸ್ಲ್ಯಾಶ್ ರೆಪ್ಲ್‌ಸಮರಿ ಓಡಿಸಿ ಕೂತುಕೊಳ್ಳಿ.