ಮಗಳ ಕೋಣೆಯ ಗೋಡೆಗೆ ಕಡಲು ಬರೆದದ್ದು

ಎರಡು ವಾರ ಕಾಗದದ ಮೇಲೆ ಮೀನು, ಆಮೆ, ತಿಮಿಂಗಿಲ ಬರೆದು ಕೈ ಪಳಗಿಸಿಕೊಂಡೆ. ಗೋಡೆ ಮುಂದೆ ನಿಂತಾಗ ಗೊತ್ತಾಯಿತು, ನನ್ನ ತೊಂದರೆ ಮೀನಿನದ್ದಲ್ಲ, ನೀರಿನದ್ದು. ಮಗಳು ಕೇಳಿದ್ದು "ನೀರೊಳಗೆ ಮಲಗಿದ ಹಾಗೆ ಇರಬೇಕು" ಅಂತ. ಸುಮ್ನೆ ನೀಲಿ ಬಳಿದು ಮೀನು ಅಂಟಿಸಿದರೆ ಅದು ನೀರು ಅನ್ನಿಸೋದಿಲ್ಲ, ನೀಲಿ ಗೋಡೆ ಅನ್ನಿಸುತ್ತೆ ಅಷ್ಟೆ.

ಗೋಡೆಯ ತಯಾರಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒರೆಸಿ, ತೂತುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಒಂದು ಕೋಟ್ ಪ್ರೈಮರ್ ಹೊಡೆದೆ. ಎಲ್ಲಾದರೂ ತೇವ ಇದ್ದರೆ ಮಾತ್ರ ಮೊದಲು ಅದನ್ನ ಸರಿಮಾಡಿ, ಇಲ್ಲಾಂದ್ರೆ ನಿಮ್ಮ ಕಡಲು ಹಪ್ಪಳದ ಹಾಗೆ ಎದ್ದು ಬರುತ್ತೆ. ಬಣ್ಣ ನೀರಲ್ಲಿ ಕಲಸುವಂಥದ್ದೇ, ವಾಸನೆ ಕಡಿಮೆ ಇರೋದು, ಒರೆಸಿದರೆ ಹೋಗದೆ ಇರೋದು.

ಈಗ ನೀರಿನ ವಿಷಯ. ಮೇಲೆ ತಿಳಿ, ಕೆಳಗೆ ಗಾಢ ಅಂತ ಐದು ಡಬ್ಬಿಗಳಲ್ಲಿ ಐದು ನೀಲಿ ಕಲಸಿಟ್ಟುಕೊಂಡೆ. ಮೊದಲ ಸಲ ಏನು ಮಾಡಿದೆ ಅಂದ್ರೆ, ಒಂದು ಪಟ್ಟಿ ಪೂರ್ತಿ ಬಳಿದು, ಫೋನ್ ಬಂತು ಅಂತ ಮಾತಾಡಿ, ಫ್ಯಾನ್ ಬೇರೆ ತಿರುಗ್ತಾ ಇತ್ತು, ಬಂದು ಎರಡನೇ ಪಟ್ಟಿ ಬಳಿದೆ. ಅಷ್ಟರಲ್ಲಿ ಮೊದಲನೆಯದು ಒಣಗಿತ್ತು. ಗೋಡೆ ಪೂರ್ತಿ ಜಮಖಾನದ ಹಾಗೆ ಪಟ್ಟೆ ಪಟ್ಟೆ! ಒಣಗಿದ ಬಣ್ಣಕ್ಕೆ ಹಸಿ ಬಣ್ಣ ಬೆರೆಯೋದಿಲ್ಲ, ಇದು ಗೊತ್ತಿರದ ವಿಷಯವೇನಲ್ಲ, ಆದರೂ ಮಾಡಿದೆ.

ಎರಡನೇ ಸಲ ಫ್ಯಾನ್ ಆಫ್ ಮಾಡಿ, ಕಿಟಕಿ ತೆರೆದಿಟ್ಟು ಇಬ್ಬರು ನಿಂತೆವು. ಹೆಂಡತಿ ರೋಲರ್‌ನಲ್ಲಿ ಪಟ್ಟಿ ಎಳೆಯುತ್ತಾ ಹೋದಳು. ನಾನು ಹಿಂದೆಯೇ ಸ್ವಲ್ಪ ಒದ್ದೆ ಮಾಡಿದ ಅಗಲ ಬ್ರಷ್ ಹಿಡಿದು, ಎರಡು ನೀಲಿ ಕೂಡೋ ಜಾಗದಲ್ಲಿ ಅಡ್ಡಾದಿಡ್ಡಿ ಎಳೆದೆ. ಒಣಗಿತು ಅನ್ನಿಸಿದ ಕಡೆ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ನೀರು, ಅದಕ್ಕಿಂತ ಜಾಸ್ತಿ ಹೊಡೆದರೆ ಸೋರುತ್ತೆ. ಒಂದು ಮೂಲೆಯಿಂದ ಇನ್ನೊಂದು ಮೂಲೆ ಮುಗಿಯೋವರೆಗೆ ನಿಲ್ಲಿಸಲಿಲ್ಲ. ಗೀರುಗಳು ಅಲ್ಲಲ್ಲಿ ಉಳಿದವು, ಆದರೆ ನೀರಲ್ಲಿ ಅವು ಅಲೆಯ ಹಾಗೇ ಕಾಣ್ತವೆ, ಪುಣ್ಯಕ್ಕೆ. ಮಾರನೇ ದಿನ ಬಿಳಿಗೆ ತುಂಬಾ ನೀರು ಬೆರೆಸಿ, ಬ್ರಷ್ ಹಿಂಡಿ, ಮೇಲಿಂದ ಓರೆಯಾಗಿ ನಾಲ್ಕೈದು ಬಿಸಿಲಿನ ಕೋಲು ಎಳೆದೆ. ಆಗ ಬಂತು ನೋಡಿ ನೀರು.

ಇನ್ನೊಂದು ವಿಷಯ ನನಗೆ ತುಂಬಾ ಉಪಯೋಗಕ್ಕೆ ಬಂತು. ನೀರಿನೊಳಗೆ ಮೊದಲು ಮಾಯವಾಗೋ ಬಣ್ಣ ಕೆಂಪು. ಸುಮಾರು 10 ಮೀಟರ್ ಆಳಕ್ಕೆ ಹೋದರೆ ಕೆಂಪು ವಸ್ತು ಮಂಕಾಗಿ ಕಾಣುತ್ತೆ, ನೀಲಿ ಮಾತ್ರ ಇನ್ನೂ ಆಳಕ್ಕೆ ಹೋಗುತ್ತೆ. ಹಾಗಾಗಿ ಕೆಂಪು, ಕಿತ್ತಳೆಯನ್ನೆಲ್ಲ ಒಂದು ಮೂಲೆಯಲ್ಲಿ ಎತ್ತರಕ್ಕೆ ಎದ್ದು ನಿಂತ ಹವಳದ ಬಂಡೆಯ ಮೇಲೆ ಇಟ್ಟೆ. ಕೆಳಗಿನ ಪ್ರಾಣಿಗಳ ಬಣ್ಣಕ್ಕೆಲ್ಲ ಹಿನ್ನೆಲೆಯ ನೀಲಿಯನ್ನೇ ಒಂದೆರಡು ಚಮಚ ಬೆರೆಸಿದೆ. ಅಂಟಿಸಿದ ಸ್ಟಿಕ್ಕರ್ ಥರ ಕಾಣದೆ, ನೀರೊಳಗೇ ಇರೋ ಹಾಗೆ ಕಂಡವು. ತೀರಾ ಗಾಢ ನೀಲಿ ಮಾತ್ರ ಮೊಣಕಾಲೆತ್ತರಕ್ಕಿಂತ ಮೇಲೆ ತರಲಿಲ್ಲ. ನಿಜವಾದ ಕಡಲಲ್ಲಿ 200 ಮೀಟರ್ ದಾಟಿದರೆ ಬೆಳಕು ಇಲ್ಲದಷ್ಟು ಕಡಿಮೆ, ಆದರೆ ಮಗು ಮಲಗೋ ಕೋಣೆ ಹಾಗಿದ್ದರೆ ರಾತ್ರಿ ಯಾರು ಎದ್ದು ಹೋಗಿ ಸಮಾಧಾನ ಮಾಡೋದು?

ಚಿತ್ರ ದೊಡ್ಡದು ಮಾಡೋಕೆ ಹಳೇ ಚೌಕದ ಉಪಾಯ. ಕಾಗದದ 1 ಸೆಂಟಿಮೀಟರ್ ಚೌಕ ಗೋಡೆಯಲ್ಲಿ 10 ಸೆಂಟಿಮೀಟರ್. ಪೆನ್ಸಿಲ್ ಬೇಡ, ತಿಳಿ ಬಣ್ಣದ ಅಡಿಯಿಂದ ಇಣುಕುತ್ತೆ. ಸೀಮೆಸುಣ್ಣ ಸಾಕು, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಆಗಾಗ ಮಂಚದ ಮೇಲೆ ಮಲಗಿ ನೋಡಿ, ಅವಳು ನೋಡೋದು ಅಲ್ಲಿಂದ ಅಲ್ವಾ.

ತಿಮಿಂಗಿಲ ಮುಗಿಸಿ ಬೀಗುತ್ತಿದ್ದೆ. ಮಗಳು ಬಂದು ನೋಡಿ, "ಅಪ್ಪಾ, ಇದು ಮೀನಿನ ಬಾಲ" ಅಂದಳು. ನಿಜ. ಮೀನಿನ ಬಾಲ ನೆಟ್ಟಗೆ ನಿಂತು ಅಕ್ಕಪಕ್ಕ ಬಡಿಯುತ್ತೆ, ತಿಮಿಂಗಿಲದ್ದು ಮಲಗಿರುತ್ತೆ, ಮೇಲೆ ಕೆಳಗೆ ಬಡಿಯುತ್ತೆ. ಅಳಿಸಿ ಮತ್ತೆ ಬರೆದೆ. ಆಕ್ಟೋಪಸ್‌ನ ಮೂರು ಕೈ ಬಂಡೆ ಹಿಂದೆ ಅಡಗಿಸಿ ಜಾಣ ಅಂದುಕೊಂಡಿದ್ದೆ, ಈಗ ದಿನಾ ರಾತ್ರಿ ಐದೇ ಎಣಿಸಿ ಉಳಿದದ್ದು ಎಲ್ಲಿ ಅಂತ ಕೇಳ್ತಾಳೆ.

ಗುಳ್ಳೆಗಳು ಅವಳದೇ ಕೆಲಸ. ಬಾಟಲಿ ಮುಚ್ಚಳದ ಅಂಚನ್ನ ಬಿಳಿಯಲ್ಲಿ ಅದ್ದಿ ಒತ್ತಿದಳು. ಸ್ವಿಚ್ ಬೋರ್ಡ್ ಸುತ್ತ ಹಚ್ಚಿದ ಟೇಪನ್ನ ಬಣ್ಣ ಪೂರ್ತಿ ಗಟ್ಟಿಯಾಗೋ ಮೊದಲೇ ಕಿತ್ತೆ, ಇಲ್ಲಾಂದ್ರೆ ಅಂಚು ಕಿತ್ತುಕೊಂಡು ಬರುತ್ತೆ. ವಾಸನೆ ಹೋಗೋವರೆಗೆ ಅವಳು ನಮ್ಮ ಜೊತೆ ಮಲಗಿದಳು.

ಒಂದು ದಡ್ಡತನ ಮಾಡಿದೆ. ಕಲಸಿದ ನೀಲಿಗಳಲ್ಲಿ ಉಳಿದದ್ದನ್ನ ಎಸೆದುಬಿಟ್ಟೆ. ತಿಂಗಳೊಳಗೆ ಮಂಚ ಉಜ್ಜಿ ಗೋಡೆಯಲ್ಲಿ ಒಂದು ಗೀಚು ಬಿತ್ತು. ಮೂರನೇ ನೀಲಿಯನ್ನ ಎಷ್ಟು ಸಲ ಕಲಸಿದರೂ ಸರಿಹೊಂದಲಿಲ್ಲ, ತೇಪೆ ಹಾಕಿದ ಹಾಗೇ ಕಾಣ್ತಿತ್ತು. ಕೊನೆಗೆ ಅದರ ಮೇಲೆ ಒಂದು ಹಳದಿ ಕಡಲಕುದುರೆ ಬರೆದೆ. ಬಂದವರೆಲ್ಲ ಮೊದಲು ಅದನ್ನೇ ಹೊಗಳ್ತಾರೆ.