ದೆವ್ವದ ಸಿನಿಮಾಕ್ಕೆ ಸಣ್ಣ ಮಕ್ಕಳನ್ನು ಕರೆದೊಯ್ಯಬಹುದೇ? ನಿರ್ಧರಿಸುವುದು ಹೀಗೆ

ಬೇಸಿಗೆ ಸೂಟಿಯಲ್ಲಿ ಗದಗ, ಹಾವೇರಿ ಕಡೆಯ ನೆಂಟರು ಹುಬ್ಬಳ್ಳಿಗೆ ಬಂದರೆ ಮನೆಮಂದಿಯೆಲ್ಲ ಕೂಡಿ ಒಂದು ಸಿನಿಮಾಕ್ಕೆ ಹೋಗುವುದು ವಾಡಿಕೆ. ಯಾವ ಸಿನಿಮಾ ಎಂಬುದನ್ನು ಹೆಚ್ಚಾಗಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗರೇ ಆರಿಸುತ್ತಾರೆ, ಅವರಿಗೆ ದೆವ್ವದ ಚಿತ್ರವೇ ಬೇಕಾಗಿರುತ್ತದೆ, ಐದು ವರ್ಷದ ಕೂಸನ್ನು ಬಿಟ್ಟು ಹೋಗೋಣವೆಂದರೆ ಮನೆಯಲ್ಲಿ ಯಾರೂ ಉಳಿದಿರುವುದಿಲ್ಲ. ‘ತೊಡಿ ಮ್ಯಾಲ ಮಲಗಿಬಿಡತೈತಿ, ಕರಕೊಂಡ ನಡೀರಿ’ ಎಂದು ಯಾರೋ ಆಡಿದ ಒಂದು ಮಾತಿಗೆ ಅದೂ ಹೊರಡುತ್ತದೆ. ಮಗುವಿಗೆ ಈ ಚಿತ್ರವನ್ನು ತೋರಿಸಬಹುದೇ ಎಂದು ಒಬ್ಬರೂ ಕೇಳಿಕೊಂಡಿರುವುದಿಲ್ಲ. ಟಿಕೆಟ್ ತೆಗೆಯುವ ಮೊದಲೇ ಆ ಪ್ರಶ್ನೆ ಕೇಳಿಕೊಂಡು ಒಂದು ತೀರ್ಮಾನಕ್ಕೆ ಬರುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ನೋಡೋಣ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಎಂಟು ವರ್ಷದೊಳಗಿನ ಮಕ್ಕಳಿಗೆ, ಮನೆಯ ದೊಡ್ಡವರಲ್ಲಿ ಒಬ್ಬರಾದರೂ ಮೊದಲು ಪೂರ್ತಿ ನೋಡಿರದ ಹೆದರಿಕೆಯ ಚಿತ್ರವನ್ನು ತೋರಿಸಬಾರದು, ಥಿಯೇಟರಿನಲ್ಲಂತೂ ಬೇಡವೇ ಬೇಡ.

ಮೊದಲು ಪ್ರಮಾಣಪತ್ರ ಓದಿ

ನಮ್ಮ ದೇಶದಲ್ಲಿ ಥಿಯೇಟರಿಗೆ ಬರುವ ಪ್ರತಿಯೊಂದು ಚಿತ್ರಕ್ಕೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಇರಲೇಬೇಕು. ‘ಯು’ ಎಂದರೆ ಎಲ್ಲರೂ ನೋಡಬಹುದಾದದ್ದು, ‘ಎ’ ಎಂದರೆ 18 ತುಂಬಿದವರಿಗೆ ಮಾತ್ರ. ಇವೆರಡರ ನಡುವೆ ಇದ್ದ ‘ಯು/ಎ’ ಎಂಬ ಒಂದೇ ವರ್ಗವನ್ನು 2023ರ ತಿದ್ದುಪಡಿಯು 7+, 13+ ಮತ್ತು 16+ ಎಂದು ಮೂರು ಮಾಡಿದೆ. ಈ ಮೂರು ವರ್ಗಗಳ ವಿಷಯದಲ್ಲಿ ಪಾಲಕರು ಗಮನಿಸಬೇಕಾದ ಒಂದು ಸಂಗತಿ ಇದೆ. ಅಲ್ಲಿ ನಮೂದಿಸಿರುವ ವಯಸ್ಸು ಪಾಲಕರ ಮಾರ್ಗದರ್ಶನಕ್ಕಾಗಿ ಇರುವಂಥದ್ದು. ಅದನ್ನು ತೋರಿಸಿ ನಿಮ್ಮ ಮಗುವನ್ನು ತಡೆಯುವ ಅಧಿಕಾರ ಗೇಟಿನಲ್ಲಿ ನಿಂತವರಿಗಿಲ್ಲ. ಆದ್ದರಿಂದ ‘ಒಳಗ ಬಿಟ್ಟರಂದ್ರ ನಡೀತೈತಿ ಅಂತ’ ಎಂದು ತಿಳಿಯುವುದು ತಪ್ಪು. ಕಾನೂನು ಈ ಹೊಣೆಯನ್ನು ತಾಯಿ ತಂದೆಯ ಕೈಯಲ್ಲೇ ಇಟ್ಟಿದೆ.

ಮನೆಯ ಟಿ.ವಿ.ಯಲ್ಲಿ ಬರುವ ಒಟಿಟಿ ವೇದಿಕೆಗಳಿಗೂ 2021ರ ನಿಯಮಗಳ ಪ್ರಕಾರ ಇದೇ ಬಗೆಯ ವಯಸ್ಸಿನ ವರ್ಗೀಕರಣವಿದೆ. ಅಲ್ಲಿ ವರ್ಗದ ಜೊತೆಗೆ, ಚಿತ್ರದಲ್ಲಿ ಹಿಂಸೆ ಇದೆಯೋ, ಭೀತಿ ಇದೆಯೋ, ಬೈಗುಳ ಇದೆಯೋ ಎಂಬುದನ್ನೂ ಆರಂಭದಲ್ಲೇ ತೋರಿಸಬೇಕು. 13+ ಮತ್ತು ಅದಕ್ಕಿಂತ ಮೇಲಿನ ವರ್ಗದ ಚಿತ್ರಗಳಿಗೆ ಪಾಲಕರು ಬೀಗ ಹಾಕುವ ಸೌಲಭ್ಯವನ್ನೂ ಕೊಡಬೇಕು. ಆ ಬೀಗವನ್ನು ಇಂದೇ ಹಾಕಿಡಿ. ಇನ್ನು ಮೂರು ನಾಲ್ಕು ವರ್ಷದ ಮಕ್ಕಳ ವಿಷಯದಲ್ಲಿ ಇಷ್ಟೆಲ್ಲ ಯೋಚಿಸುವ ಅಗತ್ಯವೇ ಇಲ್ಲ. ಎರಡರಿಂದ ನಾಲ್ಕು ವರ್ಷದವರು ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿರುವಾಗ, ಎರಡೂವರೆ ತಾಸಿನ ಚಿತ್ರ ಯಾವುದೇ ಇರಲಿ, ಅದು ಅವರಿಗಲ್ಲ.

ಯಾವ ವಯಸ್ಸಿಗೆ ಯಾವ ಅಂಜಿಕೆ ಎಂಬುದನ್ನು ತಿಳಿಯಿರಿ

ಇಡೀ ನಿರ್ಧಾರ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ದೊಡ್ಡವರಾದ ನಮಗೆ ಯಾವುದು ಭಯಂಕರವೋ ಅದೇ ಮಗುವಿಗೂ ಭಯಂಕರ ಎಂದು ನಾವು ಭಾವಿಸಿರುತ್ತೇವೆ, ಆದರೆ ವಾಸ್ತವ ಬೇರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋನ್ ಕ್ಯಾಂಟರ್ ಎಂಬ ಸಂಶೋಧಕಿ, ಪರದೆಯ ಮೇಲಿನ ದೃಶ್ಯಗಳಿಗೆ ಮಕ್ಕಳು ಅಂಜುವ ಬಗೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅವರೂ ಅವರ ಸಹೋದ್ಯೋಗಿಯೂ ಒಬ್ಬ ಮುದುಕಿಯ ಕಥೆಯನ್ನು ನಾಲ್ಕು ಬಗೆಯಲ್ಲಿ ಚಿತ್ರಿಸಿದರು. ಒಂದರಲ್ಲಿ ಮುದುಕಿ ನೋಡಲು ಚೆಂದ, ನಡತೆಯಲ್ಲೂ ದಯಾಳು. ಇನ್ನೊಂದರಲ್ಲಿ ರೂಪ ಚೆಂದ, ನಡತೆ ಕ್ರೂರ. ಮತ್ತೊಂದರಲ್ಲಿ ರೂಪ ವಿಕಾರ, ಆದರೆ ಬೆಕ್ಕನ್ನು ಅಕ್ಕರೆಯಿಂದ ನೋಡಿಕೊಳ್ಳುವವಳು. ನಾಲ್ಕನೆಯದರಲ್ಲಿ ಎರಡೂ ಕೆಟ್ಟದ್ದು. ಒಂಬತ್ತು ಹತ್ತು ವರ್ಷದ ಮಕ್ಕಳು ಅವಳ ನಡತೆಗೆ ಹೆಚ್ಚು ಬೆಲೆ ಕೊಟ್ಟು ಅಳೆದರೆ, ಮೂರರಿಂದ ಐದು ವರ್ಷದ ಮಕ್ಕಳು ಬಹುಮಟ್ಟಿಗೆ ರೂಪವನ್ನೇ ನೋಡಿ ಒಳ್ಳೆಯವಳು, ಕೆಟ್ಟವಳು ಎಂದು ತೀರ್ಮಾನಿಸಿದರು.

ಅಮೆರಿಕದ ಟಿ.ವಿ.ಯಲ್ಲಿ ಬರುತ್ತಿದ್ದ ‘ಹಲ್ಕ್’ ಧಾರಾವಾಹಿಯ ನಾಯಕನ ವಿಷಯದಲ್ಲೂ ಹೀಗೆಯೇ ಆಯಿತು. ಆತ ಕಷ್ಟದಲ್ಲಿರುವವರನ್ನು ಕಾಪಾಡುವವನು. ಆದರೆ ಸಾಮಾನ್ಯ ಮನುಷ್ಯನೊಬ್ಬ ಕಣ್ಣೆದುರೇ ಹಸಿರು ದೈತ್ಯನಾಗುವುದನ್ನು ಕಂಡು ಶಾಲೆಗೆ ಹೋಗುವ ಮುನ್ನಿನ ವಯಸ್ಸಿನ ಮಕ್ಕಳು ವಿಪರೀತ ಅಂಜಿದರು. ಅವನು ಒಳ್ಳೆಯವನೆಂಬ ವಿವರಣೆ ಆ ವಯಸ್ಸಿಗೆ ನಿಲುಕುವುದಿಲ್ಲ. ಆರೇಳು ವರ್ಷದೊಳಗಿನ ಮಗುವಿನ ಬುದ್ಧಿಯನ್ನು ಕಣ್ಣಿಗೆ ಕಂಡದ್ದೇ ಆಳುತ್ತದೆ ಎಂದು ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಹೇಳಿದ ಮಾತು ಇಲ್ಲಿ ಹೊಂದುತ್ತದೆ.

ಇದರಿಂದ ನಮ್ಮ ಮನೆಗಳಿಗೆ ನೇರವಾಗಿ ಅನ್ವಯಿಸುವ ಒಂದು ಎಚ್ಚರಿಕೆ ಹೊರಡುತ್ತದೆ. ‘ಹಾಸ್ಯ ಐತಿ, ಬರೇ ದೆವ್ವ ಅಲ್ಲ’ ಎಂದು ಕುಟುಂಬ ಸಮೇತ ಹೋಗುವ ಹಾಸ್ಯ ಮಿಶ್ರಿತ ದೆವ್ವದ ಚಿತ್ರಗಳು ಸಣ್ಣ ಮಕ್ಕಳ ಮಟ್ಟಿಗೆ ಸುರಕ್ಷಿತವಲ್ಲ. ಮಾತಿನ ನಗೆ ದೊಡ್ಡವರ ಭಯವನ್ನು ಕರಗಿಸುತ್ತದೆ. ಆ ಮಾತಿನ ಮರ್ಮ ತಿಳಿಯದ ಐದು ವರ್ಷದ ಮಗುವಿಗೆ ಉಳಿಯುವುದು ಕೆದರಿದ ಕೂದಲು ಮತ್ತು ಬಿಳಿಗಣ್ಣು ಮಾತ್ರ. ಚಿತ್ರದ ಕೊನೆಯಲ್ಲಿ ‘ಅದು ದೆವ್ವವಲ್ಲ, ಮನೋರೋಗ’ ಎಂದೋ ‘ಆಸ್ತಿಗಾಗಿ ಯಾರೋ ಹೂಡಿದ ಸಂಚು’ ಎಂದೋ ಬಯಲಾಗುವುದರಿಂದಲೂ ಅದಕ್ಕೆ ಸಮಾಧಾನವಾಗುವುದಿಲ್ಲ.

ಎಂಟು ವರ್ಷ ದಾಟಿದ ಮೇಲೆ ಅಂಜಿಕೆ ಹೋಗುವುದಿಲ್ಲ, ಅದರ ಬಗೆ ಬದಲಾಗುತ್ತದೆ. ವಿಕಾರ ಮುಖ ಕಂಡು ಈಗ ನಗುವ ಮಗು, ನಿಜವಾಗಿ ನಡೆಯಬಹುದಾದದ್ದಕ್ಕೆ ಅಂಜತೊಡಗುತ್ತದೆ: ಮಕ್ಕಳ ಕಳ್ಳರು, ಬೆಂಕಿ, ಅಪಘಾತ, ತಾಯಿ ಸಾಯುವುದು. ಆದ್ದರಿಂದ ಹತ್ತು ವರ್ಷದ ಮಗುವಿಗೆ ರಾಕ್ಷಸರಿರುವ ಕಾಲ್ಪನಿಕ ಚಿತ್ರಕ್ಕಿಂತ, ದೆವ್ವವೇ ಇಲ್ಲದ ಅಪಹರಣದ ಕಥೆ ಹೆಚ್ಚು ಹೊತ್ತು ಕಾಡಬಹುದು.

ನಿಮ್ಮ ಮಗುವನ್ನೇ ಒಮ್ಮೆ ಗಮನಿಸಿ

ಒಂದೇ ವಯಸ್ಸಿನ ಇಬ್ಬರು ಮಕ್ಕಳು ಒಂದೇ ರೀತಿ ಇರುವುದಿಲ್ಲ. ಕುಕ್ಕರ್ ಸೀಟಿಗೆ, ದೀಪಾವಳಿಯ ಪಟಾಕಿಗೆ ಕಿವಿ ಮುಚ್ಚಿಕೊಂಡು ಒಳಗೆ ಓಡುವ ಮಗು, ಕಥೆಯಲ್ಲಿ ಕರುವಿಗೆ ಕಷ್ಟ ಬಂದರೆ ಅಳುವ ಮಗು, ಇತ್ತೀಚೆಗಷ್ಟೇ ಅಜ್ಜ ತೀರಿಕೊಂಡದ್ದನ್ನು ನೋಡಿದ ಮಗು, ಆಸ್ಪತ್ರೆಯಲ್ಲಿ ಮಲಗಿ ಬಂದ ಮಗು, ಹೊಸ ಮನೆಗೆ ಬಂದು ಬೇರೆ ಕೋಣೆಯಲ್ಲಿ ಮಲಗುವುದನ್ನು ಈಗಷ್ಟೇ ರೂಢಿ ಮಾಡಿಕೊಳ್ಳುತ್ತಿರುವ ಮಗು, ಇವರಿಗೆ ಸದ್ಯಕ್ಕೆ ಬೇಡ ಎಂದು ಯಾವ ಅನುಮಾನವೂ ಇಲ್ಲದೆ ನಿರ್ಧರಿಸಬಹುದು.

ಮಗು ತಾನಾಗಿ ‘ನಾ ನೋಡತೇನಿ, ನನಗೇನೂ ಅಂಜಿಕಿ ಇಲ್ಲ’ ಎಂದು ಹಟ ಹಿಡಿದರೆ ಏನು ಮಾಡಬೇಕು? ಆ ಮಾತು ಎಲ್ಲಿಂದ ಬಂತೆಂದು ವಿಚಾರಿಸಿ. ಹೆಚ್ಚಿನ ಸಲ ಅದು ದೊಡ್ಡಪ್ಪನ ಮಗನಿಂದಲೋ ಓಣಿಯ ಗೆಳೆಯರಿಂದಲೋ ಬಂದಿರುತ್ತದೆ. ಗಂಡು ಹುಡುಗರಿಗಂತೂ ‘ಗಣಮಗ ಆಗಿ ಅಂಜತೀ ಏನಲೇ’ ಎಂಬ ಮಾತು ನಮ್ಮಲ್ಲಿ ಸಣ್ಣಂದಿನಿಂದಲೇ ಬೀಳುತ್ತದೆ, ಆ ಮಾತಿಗೆ ಅಂಜಿ ಅವರು ಸಿನಿಮಾಕ್ಕೆ ಅಂಜುವುದಿಲ್ಲ ಎನ್ನುತ್ತಾರೆ. ಅಂಜಿಕೆಯನ್ನು ಮುಚ್ಚಿಟ್ಟುಕೊಳ್ಳುವ ಮಗುವಿನ ಬಗ್ಗೆ ನನಗೆ ಬಾಯಿಬಿಟ್ಟು ಅಳುವ ಮಗುವಿಗಿಂತ ಹೆಚ್ಚು ಕಳವಳ, ಏಕೆಂದರೆ ಅದಕ್ಕೆ ಸಾಂತ್ವನ ಹೇಳುವ ಅವಕಾಶವೇ ನಮಗೆ ಸಿಗುವುದಿಲ್ಲ.

ನೀವು ಮೊದಲು ನೋಡಿ, ಕೇಳಿ

ಚಿತ್ರವನ್ನು ಮೊದಲು ನೋಡುವಾಗ ನಾಲ್ಕು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಸದ್ದು. ಮೌನವನ್ನು ಹಿಗ್ಗಿಸಿ ಒಮ್ಮೆಲೇ ಅಬ್ಬರದ ಸದ್ದು ಹಾಕುವ ತಂತ್ರಕ್ಕೆ ದೊಡ್ಡವರ ಮೈಯೂ ಬೆಚ್ಚುತ್ತದೆ, ಎದೆಬಡಿತ ಏರುತ್ತದೆ. ಬುದ್ಧಿ ಎಚ್ಚರಗೊಳ್ಳುವ ಮೊದಲೇ ದೇಹ ಹೆದರಿಬಿಡುವ ಈ ಕ್ರಿಯೆಯನ್ನು ಯಾವ ತಿಳಿವಳಿಕೆಯಿಂದಲೂ ತಡೆಯಲಾಗದು. ಎರಡನೆಯದು ಜಾಗ. ದೂರದ ಕೋಟೆಯಲ್ಲೋ ಬೇರೆ ಗ್ರಹದಲ್ಲೋ ನಡೆಯುವ ಭಯ ಅಲ್ಲೇ ಉಳಿಯುತ್ತದೆ. ಬಚ್ಚಲಮನೆ, ಕನ್ನಡಿ, ಮಂಚದ ಕೆಳಗು, ಅಟ್ಟ, ಆಟದ ಗೊಂಬೆ ಇವುಗಳಲ್ಲಿ ಕೂತ ಭಯ ಮಗುವಿನ ಜೊತೆಗೇ ಮನೆಗೆ ಬರುತ್ತದೆ. ಮೂರನೆಯದಾಗಿ, ಅಪಾಯಕ್ಕೆ ಸಿಲುಕುವವರು ಮಕ್ಕಳೋ, ಅವರ ತಾಯಿ ತಂದೆಯೋ ಎಂಬುದನ್ನು ನೋಡಿ. ಕೊನೆಯದು ಮುಕ್ತಾಯ: ಕೆಡುಕು ಸೋತಿತೇ, ಅಥವಾ ಮುಂದಿನ ಭಾಗಕ್ಕೆಂದು ಕಟ್ಟಕಡೆಯ ದೃಶ್ಯದಲ್ಲಿ ಮತ್ತೆ ಕಣ್ಣು ತೆರೆಯಿತೇ?

ಪೂರ್ತಿ ಚಿತ್ರಕ್ಕಿಂತ ಮೊಬೈಲಿನ ತುಣುಕುಗಳು ಇನ್ನೂ ಅಪಾಯಕಾರಿ ಎಂಬುದು ನನ್ನ ಅನಿಸಿಕೆ. ಅವುಗಳಲ್ಲಿ ಕಥೆಯಿಲ್ಲ, ಮುಕ್ತಾಯವಿಲ್ಲ. ಬೆಚ್ಚಿಬೀಳಿಸುವ ಆ ಒಂದು ಕ್ಷಣ ಮಾತ್ರ ಇರುತ್ತದೆ.

ನೋಡುವುದೆಂದಾದರೆ ಹೀಗೆ ನೋಡಿ

ಇಷ್ಟೆಲ್ಲ ವಿಚಾರಿಸಿದ ಮೇಲೆ ತೋರಿಸಬಹುದೆಂದು ಅನಿಸಿದರೆ, ಹಗಲಿನಲ್ಲಿ, ಮನೆಯಲ್ಲಿ, ಕಿಟಕಿ ತೆರೆದು, ಸದ್ದು ತಗ್ಗಿಸಿ ತೋರಿಸಿ. ಬೇಕೆಂದಾಗ ನಿಲ್ಲಿಸುವ ರಿಮೋಟು ಮಗುವಿನ ಕೈಯಲ್ಲೇ ಇರಲಿ. ಥಿಯೇಟರಿಗೇ ಹೋಗುವುದಾದರೆ ರಾತ್ರಿಯ ಆಟ ಬಿಟ್ಟು ಮಧ್ಯಾಹ್ನದ ಆಟ ಆರಿಸಿ, ದಾರಿಯ ಪಕ್ಕದ ಸೀಟು ಹಿಡಿಯಿರಿ, ನಡುವೆ ಎದ್ದು ಬರಬೇಕಾದರೆ ಮಗುವಿನೊಂದಿಗೆ ಯಾರು ಬರುತ್ತಾರೆಂದು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ. ಟಿಕೆಟಿನ ದುಡ್ಡು ಹೋಗುತ್ತದೆಂದು ಕೂತಿರಬೇಡಿ.

ಕತ್ತಲೆಯಲ್ಲಿ ಪರದೆ ಬಿಟ್ಟು ಮಗುವಿನ ಕಾಲುಗಳನ್ನು ನೋಡಿ. ನೆಲದತ್ತ ಇಳಿಬಿಟ್ಟಿದ್ದ ಕಾಲುಗಳನ್ನು ಅದು ಮೆಲ್ಲನೆ ಸೀಟಿನ ಮೇಲೆ ಎಳೆದುಕೊಳ್ಳುತ್ತದೆ, ಅವ್ವನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಕೈಯಲ್ಲಿನ ಪಾಪ್‌ಕಾರ್ನ್ ಹಾಗೇ ಉಳಿಯುತ್ತದೆ, ಆಮೇಲೆ ‘ಯವ್ವಾ, ಒಂದಕ್ಕ ಬಂದೈತಿ’ ಎನ್ನುತ್ತದೆ. ಈ ಮಾತು ಎರಡನೆಯ ಸಲ ಬಂದರೆ, ಹೊರಗೆ ಹೋಗೋಣವೆಂದು ಮಗು ಕೇಳುತ್ತಿದೆ ಎಂದೇ ತಿಳಿದು ಹೊರಗೆ ಬನ್ನಿ, ಮತ್ತೆ ಒಳಗೆ ಕರೆದೊಯ್ಯಬೇಡಿ.

ಆ ರಾತ್ರಿ ಮಾಡಬೇಕಾದದ್ದು

‘ಅದೆಲ್ಲಾ ಸುಳ್ಳ ಐತಿ, ಮಕ್ಕೋ’ ಎನ್ನುವುದು ನಾವೆಲ್ಲ ಮೊದಲು ಆಡುವ ಮಾತು. ಎಂಟು ಒಂಬತ್ತು ವರ್ಷದವರಿಗೆ ಅದು ತಕ್ಕಮಟ್ಟಿಗೆ ನೆರವಾಗುತ್ತದೆ. ಅದಕ್ಕಿಂತ ಸಣ್ಣವರಿಗೆ ಮಾತಿಗಿಂತ ಮೈ ಮುಟ್ಟುವ ಆಸರೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಸಂಶೋಧಕರ ಅನುಭವವೂ ಹೌದು: ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು, ಬೆಚ್ಚಗಿನ ಹಾಲು, ನೆಚ್ಚಿನ ಕೌದಿ, ಉರಿಯುತ್ತಿರುವ ಒಂದು ಸಣ್ಣ ದೀಪ. ಬಚ್ಚಲಿಗೆ ಜೊತೆಗೆ ಬಾ ಎಂದರೆ ಬೇಸರಿಸದೆ ಹೋಗಿ. ಮರುದಿನ ಬೆಳಕಿನಲ್ಲಿ ಕಂಡದ್ದನ್ನು ಚಿತ್ರ ಬರೆಯಲು ಹೇಳಿ, ಅದರ ಕಥೆ ಮಗುವೇ ಹೇಳಲಿ, ನೀವು ಕೇಳಿ.

ನಮ್ಮ ಮನೆಗಳಲ್ಲಿ ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆ. ಧಾರವಾಡದವರಾದರೆ ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಗೆ ಕರೆದೊಯ್ಯುತ್ತಾರೆ. ತನ್ನನ್ನು ಕಾಯುವವರಿದ್ದಾರೆ ಎಂಬ ಧೈರ್ಯವನ್ನು ಮಗುವಿಗೆ ಇವು ಕೊಡುವುದಾದರೆ ನಾನು ಬೇಡವೆನ್ನಲಾರೆ. ಆದರೆ ಮಗುವಿನ ಮುಂದೆಯೇ ‘ಕೂಸಿಗೆ ಗಾಳಿ ಸೋಕೈತಿ’ ಎಂದು ಮಾತಾಡಿಕೊಳ್ಳುವುದನ್ನು ದಯವಿಟ್ಟು ನಿಲ್ಲಿಸಿ. ಸಿನಿಮಾದಲ್ಲಿ ಕಂಡದ್ದು ತನ್ನ ಮೈಗೇ ಬಂದಿದೆ ಎಂದು ದೊಡ್ಡವರೇ ಖಚಿತಪಡಿಸಿದಂತಾಗುತ್ತದೆ. ಊಟ ಮಾಡಿಸಲು ‘ಗುಮ್ಮ ಬರತಾನ ನೋಡು’ ಎನ್ನುವುದೂ ಇಂಥ ಹೊತ್ತಿನಲ್ಲಿ ಬೇಡ.

ಒಂದೆರಡು ರಾತ್ರಿ ಕೆಟ್ಟ ಕನಸು ಬಿದ್ದರೆ ಗಾಬರಿಯಾಗಬೇಕಿಲ್ಲ. ಕೆಟ್ಟ ಕನಸು ಸಾಮಾನ್ಯವಾಗಿ ಬೆಳಗಿನ ಜಾವದ ಕಡೆಗೆ ಬೀಳುತ್ತದೆ, ಎಚ್ಚರವಾದ ಮಗು ಕಂಡದ್ದನ್ನು ಹೇಳುತ್ತದೆ, ತಬ್ಬಿಕೊಂಡರೆ ಸುಮ್ಮನಾಗುತ್ತದೆ. ಮಲಗಿದ ಒಂದೆರಡು ತಾಸಿನಲ್ಲೇ ಚೀರಿ ಎದ್ದು, ಕಣ್ಣು ತೆರೆದಿದ್ದರೂ ನಿಮ್ಮ ಗುರುತು ಹಿಡಿಯದೆ, ಬೆಳಿಗ್ಗೆ ಏನೂ ನೆನಪಿಲ್ಲದೆ ಇರುವುದು ಬೇರೆಯೇ ಸ್ಥಿತಿ. ಆಗ ಅಲುಗಾಡಿಸಿ ಎಬ್ಬಿಸಲು ಹೋಗದೆ, ಬೀಳದಂತೆ, ಪೆಟ್ಟಾಗದಂತೆ ನೋಡಿಕೊಂಡರೆ ಸಾಕು.

ಹೆದರಿಕೆ ಬಹಳ ಕಾಲ ಉಳಿಯುವುದೂ ಉಂಟು. ಕ್ಯಾಂಟರ್ ಮತ್ತು ಕ್ರಿಸ್ಟನ್ ಹ್ಯಾರಿಸನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕಂದಿನಲ್ಲಿ ಅಥವಾ ಹದಿಹರೆಯದಲ್ಲಿ ಸಿನಿಮಾ ಇಲ್ಲವೇ ಟಿ.ವಿ. ನೋಡಿ ಹೆದರಿದ್ದನ್ನು ಕಾಲೇಜು ವಿದ್ಯಾರ್ಥಿಗಳಲ್ಲಿ ಶೇ 90ರಷ್ಟು ಮಂದಿ ನೆನಪಿಸಿಕೊಂಡರು. ಸುಮಾರು ಕಾಲು ಭಾಗದಷ್ಟು ಜನರಲ್ಲಿ ಅದರ ಕಳವಳ ಆಗಲೂ ಉಳಿದಿತ್ತು. ಆದ್ದರಿಂದ ಎರಡು ಮೂರು ವಾರ ಕಳೆದರೂ ಮಗು ಒಬ್ಬಂಟಿಯಾಗಿ ಇನ್ನೊಂದು ಕೋಣೆಗೆ ಹೋಗದಿದ್ದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಶಾಲೆಗೆ ಹೋಗಲು ಒಲ್ಲೆನೆಂದರೆ, ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಾವೆಲ್ಲ ಡಿಮ್ಹಾನ್ಸ್ ಎಂದು ಕರೆಯುವ ಆಸ್ಪತ್ರೆ, ಈ ಭಾಗದವರಿಗೆ ಹತ್ತಿರದಲ್ಲೇ ಇದೆ; ಅಲ್ಲಿಗೆ ಹೋಗಲು ನಾಚಬೇಕಾದದ್ದು ಏನೂ ಇಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋದಾಗ ಯಾವ ಚಿತ್ರ, ಯಾವ ದೃಶ್ಯ, ಮಗು ಅದನ್ನು ಎಲ್ಲಿ ಯಾರ ಜೊತೆ ನೋಡಿತು, ಅಂದಿನಿಂದ ಏನೇನು ಬದಲಾಗಿದೆ ಎಂಬುದನ್ನು ಬರೆದುಕೊಂಡು ಹೋಗಿ. ಮಗು ಬಾಗಿಲಾಚೆ ಇರುವಾಗ ಅದನ್ನು ವೈದ್ಯರಿಗೆ ಕೊಡಿ.